ಜ್ವರಕ್ಕೆ ಕೂತ ಗಾಡಿ

ಮೊನ್ನೆ ನೀವಿಬ್ಬರೂ ಮಾಗಡಿಯಿಂದ ಬಂದಿದ್ದಾಗ, ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದುದನ್ನು ಕಂಡು ನಕ್ಕಿರಿ. ಸಿರಿ, ನೀನು ತಮ್ಮ ನಂದುವಿನ ಕಿವಿಯಲ್ಲಿ ಏನೋ ಹೇಳಿ ಅವನನ್ನು ಇನ್ನೂ ನಗಿಸಿದೆ. ನನಗೆ ಕೇಳಿಸಿತು ಕಣಮ್ಮ. ಅಜ್ಜಿ ತಂತಿಗೂ ನಾಡಿ ನೋಡುತ್ತಾರೆ ಅಂದೆ. ನಾನು ಒಳಗೆ ಹೋಗಿ, ಕೊಳೆಯಾಗದಿದ್ದ ಸಾಸಿವೆ ಡಬ್ಬಿಯನ್ನು ಒರೆಸುತ್ತ ನಿಂತೆ. ಉತ್ತರ ಕೊಡಬೇಕಾದ ಹೊತ್ತಿಗೆ ಒಳಗೆ ಹೋಗಿಬಿಡುವುದು ನನ್ನ ಹಳೆಯ ಚಾಳಿ. ಬರೆಯುವುದಾದರೆ ಪರವಾಗಿಲ್ಲ. ಕಾಗದ ನಮ್ಮ ಮುಖ ನೋಡುವುದಿಲ್ಲ. ಹಾಗಾಗಿ ಈಗ ಉತ್ತರ ಕೊಡುತ್ತಿದ್ದೇನೆ.

ನೀನು ಹೇಳಿದ್ದು ತಪ್ಪೇನಲ್ಲ. ಬಿಗಿದು ಕಟ್ಟಿದ ಯಾವುದನ್ನು ಕಂಡರೂ ನನ್ನ ಹೆಬ್ಬೆರಳು ಸುಮ್ಮನಿರುವುದಿಲ್ಲ. ಮಂಚದ ನವಾರು, ತೊಟ್ಟಿಲಿನ ಹಗ್ಗ, ಹಸುವಿನ ಕಣ್ಣಿ, ಎಲ್ಲವನ್ನೂ ನಡುವೆ ಒಮ್ಮೆ ಒತ್ತಿ ಎಷ್ಟು ತಗ್ಗುತ್ತದೆ ಎಂದು ನೋಡಲೇಬೇಕು. ಒಂದು ಸಲ ರಾಮನಗರದ ಬಸ್ಸಿನಲ್ಲಿ, ಮುಂದೆ ನಿಂತಿದ್ದ ಹೆಂಗಸಿನ ಬ್ಯಾಗಿನ ಪಟ್ಟಿಯನ್ನೇ ಒತ್ತಿಬಿಟ್ಟಿದ್ದೆ. ಆಯಮ್ಮ ತಿರುಗಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಬ್ಯಾಗನ್ನು ಎದೆಗೆ ಅವುಚಿಕೊಂಡರು. ನಾನು ಕಳ್ಳಿಯಲ್ಲ ಅಂತ ಹೇಳುವುದಕ್ಕೂ ಬಾಯಿ ಬರಲಿಲ್ಲ. ನಮ್ಮ ಸ್ಟಾಪಿಗಿಂತ ಮೊದಲೇ ಇಳಿದು ನಡೆದುಕೊಂಡು ಹೋದೆ.

ಬಾಯಿ ಬಾರದ್ದು ಇವತ್ತಿನದಲ್ಲ. ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಕಡೆ ನನ್ನ ತೌರು. ಅಲ್ಲಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಬರೆದದ್ದೆಲ್ಲ ಸರಿ ಇರುತ್ತಿತ್ತು. ಎದ್ದು ನಿಂತು ಹೇಳು ಅಂದರೆ ಮಾತ್ರ ಉಸಿರು ಹೊರಡುತ್ತಿರಲಿಲ್ಲ. ಬಾಯೊಳಗೆ ಹುಳು ಸಾಕಿದ್ದೀಯೇನಮ್ಮ, ತೆಗೆದರೆ ಗಾಳಿ ತಾಕುತ್ತದಾ ಅಂತ ನಮ್ಮ ಮೇಷ್ಟ್ರು ಕೇಳಿದ್ದರು. ಹುಳು ಅಂದರೆ ರೇಷ್ಮೆ ಹುಳು. ನಮ್ಮ ಸೀಮೆಯಲ್ಲಿ ಆ ಮಾತಿಗೆ ಬೇರೆ ಅರ್ಥವಿಲ್ಲ. ಮದುವೆಯಾಗಿ ಬೈರಾಪಟ್ಟಣದ ಹತ್ತಿರದ ಈ ಊರಿಗೆ ಬಂದೆ. ಇಲ್ಲೂ ಹುಳುವೇ.

ಈಗ ನಿಮ್ಮ ಮಹೇಶ ಮಾವನಿಗೆ ಹುಳು ಸಾಕಲು ತೋಟದ ಪಕ್ಕದಲ್ಲಿ ಬೇರೆ ಮನೆಯಿದೆ. ಆಗ ಹಾಗಿರಲಿಲ್ಲ. ಹುಳು ನಮ್ಮ ಮನೆಯಲ್ಲೇ ಇರುತ್ತಿದ್ದವು. ನಿಜ ಹೇಳಬೇಕೆಂದರೆ ನಾವೇ ಹುಳುವಿನ ಮನೆಯಲ್ಲಿ ಇರುತ್ತಿದ್ದೆವು. ಮರಿಯಾಗಿದ್ದಾಗ ಒಂದು ಮೂಲೆಯ ತಟ್ಟೆ ಸಾಕು. ಬೆಳೆದಂತೆಲ್ಲ ನಡುಮನೆ ಬೇಕು, ಪಡಸಾಲೆ ಬೇಕು, ಕಡೆಗೆ ನಾವು ಮಲಗುವ ಕೋಣೆಯೂ ಬೇಕು. ನಾವು ಚಾಪೆ ಸುತ್ತಿಕೊಂಡು ಜಗುಲಿಗೆ ಬರಬೇಕು. ಹುಳುವಿಗೆ ವಾಸನೆ ಆಗದು ಅಂತ ಊದುಬತ್ತಿ ಇಲ್ಲ, ಒಗ್ಗರಣೆ ಇಲ್ಲ. ಎಲೆಯಡಿಕೆ ಜೊತೆ ಹೊಗೆಸೊಪ್ಪು ಹಾಕುವ ನಮ್ಮ ಅತ್ತೆ, ಅಂದರೆ ನಿಮ್ಮ ಮುತ್ತಜ್ಜಿ, ಹುಳುವಿನ ಬೆಳೆ ಮುಗಿಯುವವರೆಗೂ ಬೇಲಿಯಾಚೆ ನಿಂತು ಅಗಿದು, ಬಾಯಿ ಮುಕ್ಕಳಿಸಿ ಒಳಗೆ ಬರುತ್ತಿದ್ದರು. ನೆಂಟರು ಬಂದರೆ ಬಾಗಿಲಲ್ಲೇ ಮೂಸಿ ನೋಡಿ ಒಳಗೆ ಬಿಡುತ್ತಿದ್ದರು. ನಾನೂ ನಿಮ್ಮ ತಾತನೂ ಆ ಮನೆಯಲ್ಲಿ ಆಡಿದ ಮಾತು ಅಂದರೆ ಸೊಪ್ಪು ಬಂತಾ, ಸೊಪ್ಪು ಹಾಕಿದ್ದಾಯ್ತಾ, ಜ್ವರ ಎದ್ದವಾ, ಇಷ್ಟೇ.

ಜ್ವರದ ವಿಚಾರ ನಿಮಗೆ ಗೊತ್ತಿರಲಾರದು. ಹುಳು ಪೊರೆ ಬಿಡುವುದಕ್ಕೆ ಮೊದಲು ಮೇವು ನಿಲ್ಲಿಸಿ, ತಲೆಯೆತ್ತಿ, ಅಲುಗದೆ ಕೂತುಬಿಡುತ್ತದೆ. ಅದಕ್ಕೆ ಜ್ವರಕ್ಕೆ ಕೂರುವುದು ಅನ್ನುತ್ತೇವೆ. ಹೀಗೆ ನಾಲ್ಕು ಜ್ವರ ಕಳೆದ ಮೇಲೇ ಹುಳು ಹಣ್ಣಾಗಿ ಗೂಡು ಕಟ್ಟುವುದು. ಜ್ವರಕ್ಕೆ ಕೂತಾಗ ಹಿಪ್ಪುನೇರಳೆ ಸೊಪ್ಪು ಹಾಕುವಂತಿಲ್ಲ, ತಟ್ಟೆ ಅಲುಗಿಸುವಂತಿಲ್ಲ. ಎದ್ದಾಗ ಏಳಲಿ ಅಂತ ಕಾಯಬೇಕು. ಮೈಮುರಿದು ದುಡಿಯುವ ಬೆಳೆಯಲ್ಲಿ ಕೈಕಟ್ಟಿ ಕೂರುವ ಹೊತ್ತು ಅದೊಂದೇ. ಆದರೆ ಆ ಹೊತ್ತಿಗೆ ಅತ್ತೆ ಬೇರೆ ಕೆಲಸ ಇಟ್ಟಿರುತ್ತಿದ್ದರು.

ಇಂಥ ಮನೆಯಿಂದ ತಾತ ಒಂದು ದಿನ ರಾಮನಗರದ ಮಾರುಕಟ್ಟೆಗೆ ಗೂಡು ಹಾಕಿ ಬರುತ್ತೇನೆ ಅಂತ ಹೋದವರು ಬಸ್ಸು ತಂದರು. ದೊಡ್ಡ ಬಸ್ಸಲ್ಲ. ಮದುವೆ ದಿಬ್ಬಣಗಳಿಗೆ ಓಡಾಡಿ ಮುದಿಯಾಗಿದ್ದ ಮಿನಿ ಬಸ್ಸು. ಹಿಂದಿನ ಗಾಜಿನ ಮೇಲೆ ಯಾರದೋ ಮದುವೆಯ ವಧೂವರರ ಹೆಸರಿನ ಅರ್ಧ ಇನ್ನೂ ಅಂಟಿಕೊಂಡಿತ್ತು. ಅತ್ತೆ ಸುತ್ತ ಒಂದು ಬಳಸು ಬಂದು, ಇದಕ್ಕೆ ಹುಲ್ಲು ಎಷ್ಟು ಬೇಕು ಅಂತ ಕೇಳಿದರು. ತಾತ ನಗಲಿಲ್ಲ. ಸೀಟುಗಳನ್ನೆಲ್ಲ ಕಿತ್ತು ಜಗುಲಿಗೆ ಹಾಕಿದರು. ಅಲ್ಲಿಂದ ಮುಂದೆ ನಮ್ಮ ಜಗುಲಿಯ ಮೇಲೆ ಹರಟೆಗೆ ಕೂತವರೆಲ್ಲ ಎಲ್ಲಿಗೋ ಪ್ರಯಾಣ ಹೊರಟವರ ಹಾಗೆ ಕಾಣುತ್ತಿದ್ದರು. ಬಸ್ಸಿನೊಳಗೆ ಹಲಗೆ ಮಂಚ ಬಂತು, ಒಲೆಗೆ ಕಟ್ಟೆ ಬಂತು, ಕುಡಿಯುವ ನೀರಿಗೆ ಡ್ರಮ್ಮು ಬಂತು. ಚನ್ನಪಟ್ಟಣದ ಗೊಂಬೆ ಕೆಲಸದವರ ಹತ್ತಿರ ಅರಗು ಬಣ್ಣದ ಕೆಂಪು ಹಳದಿ ಹಿಡಿಗುಬುಟು ಮಾಡಿಸಿ ಕಪಾಟಿಗೆ ಹಾಕಿದರು. ಊರವರು ಮನೆಗಾಡಿ ಅಂದರು. ಹುಳುವಿಗೆ ಮನೆ ಬಿಟ್ಟುಕೊಟ್ಟ ದಿನಗಳಲ್ಲಿ ನಾನು, ತಾತ, ನಿಮ್ಮ ಅಮ್ಮ, ಮಹೇಶ ನಾಲ್ವರೂ ಅದರಲ್ಲಿ ಮಲಗುತ್ತಿದ್ದೆವು.

ಅದರಲ್ಲಿ ನಾನು ಮೊದಲು ಮಾಡಿದ್ದು ಒಗ್ಗರಣೆ. ಹುಳು ನಾಲ್ಕನೇ ಜ್ವರ ಎದ್ದಿದ್ದ ಸಮಯ. ಗಾಡಿಯನ್ನು ತೋಟದ ಆ ತುದಿಗೆ ಒಯ್ದು ನಿಲ್ಲಿಸಿ, ಬೆಳ್ಳುಳ್ಳಿ ಜಜ್ಜಿ, ಒಣಮೆಣಸಿನಕಾಯಿ ಮುರಿದು ಎಣ್ಣೆಗೆ ಹಾಕಿದೆ. ಆ ಘಾಟಿಗೆ ಕಣ್ಣಲ್ಲಿ ನೀರು ಬಂದು, ಸೀನಿ ಸೀನಿ ನಗು ಬಂತು. ತಾತ ಕಿಟಕಿಯಲ್ಲಿ ತಲೆ ಹಾಕಿ ಏನು ಅಂತ ಕೇಳಿದರು. ಏನಿಲ್ಲ ಅಂದೆ. ನನ್ನದೇ ಅನ್ನುವ ಒಂದು ಒಗ್ಗರಣೆ ಅಂತ ಹೇಳುವುದಕ್ಕೆ ಆಗಲಿಲ್ಲ.

ಬೆಳೆಗೂ ಬೆಳೆಗೂ ನಡುವೆ ಸ್ವಲ್ಪ ಬಿಡುವು. ಆಗ ಗಾಡಿಯಲ್ಲಿ ನನ್ನ ತೌರಿಗೆ ಹೋಗುತ್ತಿದ್ದೆವು. ಹೊರಡುವುದಕ್ಕೆ ಮೊದಲು ತಾತನದು ದೊಡ್ಡ ಪೂಜೆ. ಮುಂದಿನ ಬಾಗಿಲು, ಅಂದರೆ ಬಾನೆಟ್ಟು, ಎತ್ತಿ, ಇಂಜಿನ್ನು ತಣ್ಣಗಿರುವಾಗಲೇ ಒಂದೊಂದನ್ನೂ ಮುಟ್ಟಿ ನೋಡುತ್ತಿದ್ದರು. ಫ್ಯಾನ್ ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಬೆರಳಿನಷ್ಟು ತಗ್ಗಬೇಕು. ಹೆಚ್ಚು ತಗ್ಗಿದರೆ ಬೆಲ್ಟು ಜಾರುತ್ತದೆ, ಫ್ಯಾನೂ ನೀರಿನ ಪಂಪೂ ಸರಿಯಾಗಿ ತಿರುಗುವುದಿಲ್ಲ. ತಗ್ಗದೇ ಹೋದರೆ ಬಿಗಿ ಜಾಸ್ತಿ, ಪಂಪಿನ ಬೇರಿಂಗು ತಿನ್ನುತ್ತದೆ. ಬೆಲ್ಟನ್ನು ಮಗುಚಿ ಒಳಮೈಯಲ್ಲಿ ಅಂಗಾಲಿನ ಹಾಗೆ ಬಿರುಕು ಬಿಟ್ಟಿದೆಯೋ ಅಂತ ನೋಡುತ್ತಿದ್ದರು. ರಬ್ಬರು ಪೈಪುಗಳನ್ನು ಹಿಚುಕುತ್ತಿದ್ದರು. ಗಟ್ಟಿಮುಟ್ಟಾದ ಹುಳುವಿನ ಹಾಗೆ ಇದ್ದರೆ ಸರಿ. ರೋಗ ಬಂದ ಹುಳುವಿನ ಹಾಗೆ ಮೆತ್ತಗಾಗಿದ್ದರೆ ಅವತ್ತೇ ಬದಲಾಯಿಸಬೇಕು. ರೇಡಿಯೇಟರಿನ ಸಂದಿಯಲ್ಲಿ ಸಿಕ್ಕಿಕೊಂಡ ಧೂಳು, ಚಿಟ್ಟೆ ರೆಕ್ಕೆಗಳನ್ನು ಹುಳು ಗುಡಿಸುವ ಮೆತ್ತನೆ ಪೊರಕೆಯಿಂದಲೇ ಉಜ್ಜುತ್ತಿದ್ದರು. ಹೀಗೆ ನೋಡುತ್ತ ನೋಡುತ್ತ ನನಗೂ ಬಂತು. ನಾನು ಪಕ್ಕದಲ್ಲಿ ನಿಂತು ಸ್ಪ್ಯಾನರು ಕೊಡುವವಳು. ಅವರು ಒತ್ತಿದ ಮೇಲೆ ನಾನೂ ಒಮ್ಮೆ ಒತ್ತುವುದು. ಅವರು ಬೇಡ ಅನ್ನಲಿಲ್ಲ.

ರೇಡಿಯೇಟರಿಗೆ ಬೋರಿನ ನೀರು ಹಾಕಬಾರದು, ಒಳಗೆ ಉಪ್ಪು ಕಟ್ಟುತ್ತದೆ ಅಂತ ತಾತ ಮಳೆನೀರನ್ನು ಬೇರೆ ಡ್ರಮ್ಮಿನಲ್ಲಿ ಹಿಡಿದಿಡುತ್ತಿದ್ದರು. ಅದೇ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುತ್ತದೆ ಅನ್ನುವುದನ್ನು ಅತ್ತೆ ಕಂಡುಹಿಡಿದಿದ್ದರು. ಡ್ರಮ್ಮಿನ ಮಟ್ಟ ಇಳಿಯುತ್ತಲೇ ಇತ್ತು. ತಾತ ಇಂಜಿನ್ನಿನಲ್ಲಿ ಎಲ್ಲಿ ಸೋರುತ್ತಿದೆ ಅಂತ ಹುಡುಕುತ್ತಲೇ ಇದ್ದರು. ನನಗೆ ಗೊತ್ತಿತ್ತು. ಸಾರು ರುಚಿಯಾಗಿತ್ತು, ಸುಮ್ಮನಿದ್ದೆ.

ಅತ್ತೆ ನಮ್ಮ ಜೊತೆ ಗಾಡಿಯಲ್ಲಿ ಬಂದದ್ದು ಒಂದೇ ಸಲ. ಕಬ್ಬಾಳಮ್ಮನಿಗೆ ಹರಕೆ ಇತ್ತು. ಅವತ್ತು ಬೆಳಗ್ಗೆ ತಂಪಿಗೆ ಬೆಲ್ಟು ಕಿರುಗುಟ್ಟುತ್ತಿತ್ತು. ಹೊರಡುವಾಗ ಬಿಗಿ ಮಾಡೋಣ ಅಂತ ತಾತ ಸ್ನಾನಕ್ಕೆ ಹೋದರು. ಹೊರಟ ಮೇಲೆ ಒಂದಿಷ್ಟೂ ಸದ್ದಿಲ್ಲ. ತಾತ ತಾನಾಗೇ ಸರಿಹೋಯಿತು ಅಂದುಕೊಂಡು ಸಂತೋಷಪಟ್ಟರು. ಕಬ್ಬಾಳು ಇನ್ನೂ ಸಿಕ್ಕಿರಲಿಲ್ಲ, ಮುಂದಿನಿಂದ ಹಬೆ ಎದ್ದಿತು. ಬಾಗಿಲೆತ್ತಿ ನೋಡಿದರೆ ಬೆಲ್ಟು ಮಿರಮಿರ ಮಿಂಚುತ್ತಿದೆ. ಹರಳೆಣ್ಣೆಯ ವಾಸನೆ.

“ಕೀಲು ಕಿರ್ರೋ ಅಂತಿದ್ರೆ ಎಣ್ಣೆ ಬುಡ್ಬೇಕು ಕಣ್ಲಾ,” ಅಂದರು ಅತ್ತೆ, ಇಳಿಯದೆ ಒಳಗಿನಿಂದಲೇ. “ನಿಮ್ಮಪ್ಪನ ಗಾಡಿ ಯಾವತ್ತಾರ ಹಿಂಗ್ ಅತ್ತಿತ್ತಾ?”

“ಅವ್ವ, ಅದು ಎತ್ತಿನ ಗಾಡಿ. ಇದಕ್ಕೆ ಎಣ್ಣೆ ಬುಟ್ರೆ ಜಾರ್ತದೆ.”

“ಎಂತದ್ದಾರ ಆಗ್ಲಿ. ತಿರ್ಗೋದಕ್ಕೆ ಎಣ್ಣೆ ಬೇಡ್ವಾ?”

ತಾತ ನನ್ನ ಮುಖ ನೋಡಿದರು. ಕಬ್ಬಾಳಿನಲ್ಲಿ ತಲೆಗೆ ನೀರು ಹಾಕಿಕೊಳ್ಳಲು ನಾನು ಸೀಗೆಪುಡಿ ಕಟ್ಟಿಕೊಂಡಿದ್ದೆ. ಬಿಚ್ಚಿ ಕೊಟ್ಟೆ. ನಡುರಸ್ತೆಯಲ್ಲಿ ಬೆಲ್ಟನ್ನು ಬಿಚ್ಚಿ, ಎಣ್ಣೆಸ್ನಾನದ ಜಡೆಯನ್ನು ತೊಳೆಯುವ ಹಾಗೆ ತಾತ ತಿಕ್ಕಿ ತಿಕ್ಕಿ ತೊಳೆದರು. ಅತ್ತೆ ಕಿಟಕಿಯಿಂದ, ಕಣ್ಣಿಗೆ ಬೀಳದ ಹಾಗೆ ತಿಕ್ಕು ಅಂತ ಹೇಳುತ್ತಿದ್ದರು.

ಅದು ಅತ್ತೆಯ ಎಣ್ಣೆಯಿಂದ ಬಂದ ಕಾವು. ಉಳಿದ ಸಲಗಳೆಲ್ಲ ಹಾಗಲ್ಲ. ನಾವು ನಾಲ್ವರೇ ತೌರಿಗೆ ಹೋಗುವಾಗ, ಎಲ್ಲ ಮುಟ್ಟಿ ನೋಡಿ, ಎಲ್ಲ ಸರಿಯಿದ್ದು, ಸಾತನೂರು ದಾಟಿ ಏರು ಸಿಕ್ಕಿದ ಕೂಡಲೇ ಗಾಡಿ ಕಾಯುತ್ತಿತ್ತು. ಮೊದಲ ಸಲ ನಾನು ಹೆದರಿ ಮಕ್ಕಳನ್ನು ಎತ್ತಿಕೊಂಡು ಕೆಳಗೆ ಹಾರಿಬಿಟ್ಟಿದ್ದೆ. ರೇಡಿಯೇಟರಿನ ಸಣ್ಣ ಕೊಳವೆಯಿಂದ ನೀರು ಉಕ್ಕಿ ಹಬೆಯಾಗುತ್ತಿತ್ತು. ತಾತ ಗಾಡಿಯನ್ನು ಹುಣಸೆಮರದ ಕೆಳಗೆ ಎಳೆದು ನಿಲ್ಲಿಸಿ ಇಳಿದು ಬಂದರು. ಮುಚ್ಚಳ ತೆಗೆಯುತ್ತಾರೇನೋ ಅಂದುಕೊಂಡೆ. ತೆಗೆಯಲಿಲ್ಲ. ಕಾದಾಗ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೆ ಹಾರುತ್ತದೆ. ನೆನಪಿಟ್ಟುಕೊಳ್ಳಿ.

“ಜ್ವರಕ್ಕೆ ಕೂತೈತೆ,” ಅಂದರು. “ಮುಟ್ಬೇಡ. ಎದ್ದಾಗ ಏಳ್ಲಿ.”

“ಎಷ್ಟೊತ್ತಾಯ್ತದೆ?” ಅಂದೆ.

“ಅದೂ ಕಾಯ್ತೈತೆ, ನಾವೂ ಕಾಯನ.”

ಬಿಸಿಯಾಗುವುದಕ್ಕೂ ದಾರಿ ನೋಡುವುದಕ್ಕೂ ನಮ್ಮಲ್ಲಿ ಒಂದೇ ಮಾತು ಅನ್ನುವುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಶಾಲೆಯಲ್ಲಿ ಹೇಳಿಕೊಟ್ಟಿದ್ದರೂ ಇರಬಹುದು. ನನ್ನ ಕಿವಿಗೆ ಬಿದ್ದದ್ದು ಆ ಹುಣಸೆಮರದ ಕೆಳಗೆ.

ಅಲ್ಲಿಂದ ಮುಂದೆ ಪ್ರತಿ ಸಲವೂ ಹೀಗೇ. ಸಾತನೂರು ದಾಟಿದ ಮೇಲೆ ಹುಣಸೆಮರ, ಆಮೇಲೆ ನೀರಿನ ಕುಂಟೆಯ ಪಕ್ಕದ ಹೊಂಗೆ, ಆಮೇಲೆ ಏರಿನ ತುದಿಯ ಗೋಣಿಮರ. ಗೋಣಿಮರದ ಕೆಳಗಿನಿಂದ ಕಬ್ಬಾಳದ ಬೆಟ್ಟ ಕಾಣುತ್ತಿತ್ತು. ಮಕ್ಕಳಿಬ್ಬರೂ ಒಳಗೆ ಹಲಗೆಯ ಮೇಲೆ ನಿದ್ದೆ ಹೋಗಿರುತ್ತಿದ್ದರು. ತಾತ ಗೋಣಿತಾಟು ಹಾಸುತ್ತಿದ್ದರು. ನಾನು ಕಡಲೆಕಾಯಿ ಬಿಡಿಸುತ್ತಿದ್ದೆ. ಸೊಪ್ಪಿಲ್ಲ, ಹುಳುವಿಲ್ಲ, ಕರೆಯುವವರಿಲ್ಲ. ಹೋಗೋಣ ಅಂದರೂ ಹೋಗುವ ಹಾಗಿಲ್ಲ.

ಒಂದು ಸಲ ಅಲ್ಲಿ ಕೂತಿದ್ದಾಗ ತಾತ ನನ್ನ ಕೈ ಹಿಡಿದು ನೋಡಿ, ಇದೇನು ಬೆರಳೆಲ್ಲ ಹೀಗೆ ಸೀಳಿವೆ ಅಂತ ಕೇಳಿದರು. ಹಿಪ್ಪುನೇರಳೆ ಕಡ್ಡಿ ಕೊಯ್ದು ಕೊಯ್ದು ಆಗಿದ್ದು. ಮನೆಯಲ್ಲಿ ದಿನಾ ಅವರ ಕಣ್ಣೆದುರಿಗೇ ಇದ್ದ ಕೈ. ಅಲ್ಲಿ ನೋಡಲು ಅವರಿಗೆ ಹೊತ್ತಿರಲಿಲ್ಲ, ತೋರಿಸಲು ನನಗೆ ಬಾಯಿರಲಿಲ್ಲ. ಇನ್ನೊಂದು ಸಲ, ಯಾಕೋ ಏನೋ, ನಾನು ಅತ್ತೆಯವರ ಹಾಗೆ ನಡೆದು ತೋರಿಸಿದೆ. ಬೇಲಿಯಾಚೆ ನಿಂತು ಎಲೆಯಡಿಕೆ ಅಗಿಯುತ್ತ, ಒಂದು ಕಣ್ಣು ಮಾತ್ರ ಮನೆಯ ಕಡೆ ಇಟ್ಟಿರುವುದನ್ನು ಹಾಗೆ ಹಾಗೇ ಮಾಡಿದೆ. ಆಮೇಲೆ ನಮ್ಮ ಮೇಷ್ಟ್ರನ್ನೂ ಮಾಡಿದೆ. ತಾತ ನಕ್ಕು ನಕ್ಕು ಕೆಮ್ಮು ಬಂದು, ಸಾಕು ಅಂತ ಕೈಯಾಡಿಸಿದರು. ನೀವು ಯಾರೂ ನಂಬುವುದಿಲ್ಲ. ನಿಮ್ಮ ಅಮ್ಮನನ್ನು ಕೇಳಿದರೆ ಅವಳೂ ಇಲ್ಲ ಅನ್ನುತ್ತಾಳೆ. ಮನೆಗೆ ಬಂದ ಮೇಲೆ ತಾತ ಎಂದಿನ ಹಾಗೆ ಸೊಪ್ಪು ಬಂತಾ ಅಂತ ಕೇಳಿದರು, ನಾನು ಬಂತು ಅಂದೆ.

ಹುಳುವಿನ ಮನೆ ಬೇರೆಯಾಯಿತು. ಅತ್ತೆ ಹೋದರು. ನಿಮ್ಮ ಅಮ್ಮನನ್ನು ಮಾಗಡಿಗೆ ಕೊಟ್ಟೆವು. ಗಾಡಿಯಲ್ಲಿ ಮಲಗುವ ಅಗತ್ಯ ಉಳಿಯಲಿಲ್ಲ. ಆದರೂ ತಾತ ಅದನ್ನು ಬಿಡಲಿಲ್ಲ, ವರ್ಷಕ್ಕೊಮ್ಮೆಯಾದರೂ ನಾವಿಬ್ಬರೇ ಹೋಗುತ್ತಿದ್ದೆವು. ಮೂರು ಮರದ ಕೆಳಗೂ ಗಾಡಿಗೆ ಜ್ವರ ತಪ್ಪುತ್ತಿರಲಿಲ್ಲ.

ಆಮೇಲೆ ಒಂದು ಬೆಳೆಯ ನಡುವೆ ತಾತ ಹೋದರು. ಬೆಳಗ್ಗೆ ಸೊಪ್ಪಿನ ಹೊರೆ ಇಳಿಸಿ, ಎದೆ ಒತ್ತಿದ ಹಾಗೆ ಆಗುತ್ತಿದೆ ಅಂತ ಜಗುಲಿಯ ಮೇಲಿನ ಬಸ್ಸಿನ ಸೀಟಿನಲ್ಲಿ ಕೂತವರು ಏಳಲಿಲ್ಲ. ಹುಳು ಆಗತಾನೇ ನಾಲ್ಕನೇ ಜ್ವರ ಎದ್ದಿದ್ದವು. ಎದ್ದ ಹುಳುವಿಗೆ ಹಸಿವು ಹೆಚ್ಚು. ಸಾವಿನ ಮನೆ ಅಂತ ಅದು ಕಾಯುತ್ತದೆಯೇ. ಊರವರೇ ಸೊಪ್ಪು ಕೊಯ್ದು ತಂದರು. ಎಲ್ಲರೂ ನನ್ನನ್ನು ಹಿಡಿದು ಕೂರಿಸಿದ್ದರು. ನಾನು ಬಿಡಿಸಿಕೊಂಡು ಹುಳುವಿನ ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಒಂದು ಸಾಲಿಗೆ ಸೊಪ್ಪು ಹಾಕಿದೆ. ಅವು ತಿನ್ನುವ ಸದ್ದು ತೆಂಗಿನ ಗರಿಯ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಆ ಸದ್ದಿನಲ್ಲಿ ನನ್ನ ಸದ್ದು ಹೊರಗೆ ಕೇಳಲಿಲ್ಲ.

ಗಾಡಿ ಹುಳುವಿನ ಮನೆಯ ಪಕ್ಕದಲ್ಲಿ ನಿಂತೇ ಇತ್ತು. ಮಹೇಶ ಆಗಾಗ ಸ್ಟಾರ್ಟ್ ಮಾಡುತ್ತಿದ್ದ, ಅಷ್ಟೇ. ಈ ವರ್ಷ ಅವನು ಹುಳುವಿನ ಮನೆಯನ್ನು ಇನ್ನೊಂದು ಅಂಕಣ ಬೆಳೆಸಬೇಕು ಅಂತ ಹೊರಟ. ಅದಕ್ಕೆ ಗಾಡಿ ನಿಂತ ಜಾಗವೇ ಬೇಕು. ಊಟಕ್ಕೆ ಕೂತಿದ್ದಾಗ, ತಟ್ಟೆ ನೋಡುತ್ತ, ಗುಜರಿಯವನಿಗೆ ಹೇಳಿದ್ದೇನೆ ಅಂದ. ನಾನು ಸಾರು ಬಡಿಸುತ್ತಿದ್ದವಳು ಅನ್ನದ ಮೇಲೆ ಬಡಿಸುವುದನ್ನು ಬಿಟ್ಟು ಪಲ್ಯದ ಮೇಲೆ ಬಡಿಸಿದೆ.

“ಬೇಜಾರ್ ಮಾಡ್ಕಬೇಡ ಕಣವ್ವ,” ಅಂದ. “ಅದ್ರಲ್ಲಿ ಎಲ್ಲಿಗೋಗಿ ಸುಖ್ವಾಗಿ ತಲುಪಿದೀವಿ ಹೇಳು. ಹೋದಾಗ್ಲೆಲ್ಲ ಕಾದು ನಿಲ್ತಿತ್ತು.”

ಅವನು ಕೈ ತೊಳೆದು ಬಂದು, ಬಾಗಿಲಲ್ಲಿ ನಿಂತು, ಒಂದು ಮಾತು ಹೇಳಿದ. ಒಂದು ಸಲ ನಿನ್ನ ತೌರಿನವರೆಗೆ ಓಡಿಸಿ ನೋಡುತ್ತೇನೆ, ಕಾಯದೆ ಹೋಗಿ ಬಂದರೆ ಇಟ್ಟುಕೊಳ್ಳೋಣ, ಅಂಕಣ ಬೇರೆ ಕಡೆ ಹಾಕೋಣ, ಕಾಯಿತು ಅಂದರೆ ಗುಜರಿಗೆ ಅಂದ. ನಾನು ತಲೆ ಆಡಿಸಿದೆ. ಅವನು ಒಳ್ಳೆಯವನು. ಮಾತು ಕೊಟ್ಟರೆ ತಪ್ಪುವವನಲ್ಲ. ಅದೇ ನನಗೆ ಹೆದರಿಕೆ.

ಅವತ್ತಿನಿಂದ ಅದೇ ಕೆಲಸ. ಬಾಗಿಲೆತ್ತಿ ನೋಡಿದರೆ ರೇಡಿಯೇಟರಿನ ಮೇಲೆ ಇಲಿ ಒಣ ಸೊಪ್ಪು ತಂದು ಗೂಡು ಮಾಡಿತ್ತು. ಅದನ್ನು ತೆಗೆದು ಪೊರಕೆ ಹಿಡಿದು ಉಜ್ಜಿದೆ. ಪೈಪು ಹಿಚುಕಿದೆ. ಮೇಲಿನದು ಮೆತ್ತಗಾಗಿತ್ತು, ಕೆಳಗಿನದು ಒಣಗಿ ಕಡ್ಡಿಯಾಗಿತ್ತು. ಬೆಲ್ಟಿನ ಒಳಮೈ ಬಿರಿದಿತ್ತು. ಮಹೇಶ ಗಾಡಿಯನ್ನು ಮೆಲ್ಲಗೆ ಚನ್ನಪಟ್ಟಣಕ್ಕೆ ಓಡಿಸಿದ. ಅಲ್ಲಿ ಅನ್ವರ್ ಅಂತ ಒಬ್ಬರು ಮೆಕ್ಯಾನಿಕ್. ತಾತನಿಗೆ ಬಹಳ ಕಾಲದ ಪರಿಚಯ. ನಾನು ಮಹೇಶನ ಹಿಂದೆ ನಿಂತಿದ್ದೆ. ಅವರು ರೇಡಿಯೇಟರನ್ನು ಇಳಿಸಿ ನೀರು ಬಿಟ್ಟು ತೊಳೆದರು. ಮೊದಲು ಇಟ್ಟಿಗೆ ಬಣ್ಣದ ನೀರು ಬಂತು, ಆಮೇಲೆ ಟೀ ಬಣ್ಣ, ಕಡೆಗೆ ತಿಳಿ. ಹೊಸ ಪೈಪು ಹಾಕಿದರು. ಈಗ ಬರೀ ಮಳೆನೀರು ಹಾಕುವುದಿಲ್ಲವಂತೆ, ಹಸಿರು ಬಣ್ಣದ ಕೂಲೆಂಟು ಬೆರೆಸುತ್ತಾರೆ. ಅದು ಶರಬತ್ತಿನ ಹಾಗೆ ಕಾಣುತ್ತದೆ. ನಂದು, ನೀನು ಕಂಡದ್ದನ್ನೆಲ್ಲ ಬಾಯಿಗಿಡುವವನು, ಅದು ವಿಷ, ಮುಟ್ಟಬೇಡ.

ಬೆಲ್ಟು ಹಾಕಿ ಆದ ಮೇಲೆ ನಾನು ಸುಮ್ಮನಿರಲಾರದೆ ಮುಂದೆ ಹೋಗಿ ಒತ್ತಿದೆ. ತಗ್ಗಲಿಲ್ಲ. ಅನ್ವರ್ ನನ್ನ ಬೆರಳನ್ನೇ ನೋಡುತ್ತಿದ್ದರು. ಏನೂ ಕೇಳದೆ ಡೈನಮೋದ ಬೋಲ್ಟು ಸಡಿಲಿಸಿ, ಒಂದಿಷ್ಟು ಬಿಟ್ಟು, ಮತ್ತೆ ಬಿಗಿದರು. ಒತ್ತಿದೆ. ಅರ್ಧ ಬೆರಳು.

“ಯಜಮಾನ್ರು ಹೆಬ್ಬೆಟ್ಟನ್ನ ನಿಮಗೆ ಬುಟ್ಟೋಗವ್ರೆ ಅಮ್ಮ,” ಅಂದರು.

ಮಹೇಶ ಅತ್ತ ತಿರುಗಿದ. ನಾನು ಸೆರಗು ಸರಿಮಾಡಿಕೊಂಡೆ.

ಕಡೆಗೆ ಅನ್ವರ್ ರೇಡಿಯೇಟರಿನ ಹಳೆಯ ಮುಚ್ಚಳವನ್ನು ಕೈಗೆತ್ತಿಕೊಂಡರು. ಅದರ ಒಳಗೆ ಒಂದು ಸ್ಪ್ರಿಂಗು ಇರುತ್ತದೆ. ಅದು ಬಿಗಿಯಾಗಿ ಅದುಮಿ ಹಿಡಿದರೆ ಒಳಗಿನ ನೀರು ಬೇಗ ಕುದಿಯುವುದಿಲ್ಲ. ಸ್ಪ್ರಿಂಗು ಸತ್ತಿದ್ದರೆ, ಏರಿನಲ್ಲಿ ಸ್ವಲ್ಪ ಕಾವು ಹೆಚ್ಚಾದರೂ ನೀರು ಉಕ್ಕಿ ಹೊರಗೆ ಹೋಗುತ್ತದೆ. ಅವರು ಹೆಬ್ಬೆರಳಿನಲ್ಲಿ ಒತ್ತಿದರು. ಸ್ಪ್ರಿಂಗು ಒತ್ತಿದಲ್ಲೇ ಉಳಿಯಿತು.

“ಇದ್ರಿಂದ್ಲೇ ಅಮ್ಮ ನಿಮ್ಮ ಗಾಡಿ ಕಾಯ್ತಿದ್ದುದು,” ಅಂದರು. “ನಾನು ಯಜಮಾನ್ರಿಗೆ ಬಂದಾಗಲೆಲ್ಲ ಹೇಳಿವ್ನಿ. ಒಂದ್ ಮುಚ್ಚಳ, ಹಾಕ್ಬುಡ್ತೀನಿ ಕೊಡಿ ಅಂತ. ಇರ್ಲಿ ಬುಡು ಅನ್ವರ್, ಮುಂದಿನ ಬೆಳೆಗೆ ನೋಡನ ಅನ್ನೋರು.”

ಹೊಸ ಮುಚ್ಚಳ ಹಾಕಿಸಿಕೊಂಡು ಬಂದೆವು. ದಾರಿಯುದ್ದಕ್ಕೂ ನನಗೆ ತಾತನ ಮೇಲೆ ಸಿಟ್ಟು. ಅಂಗೈ ಅಗಲದ ಒಂದು ಮುಚ್ಚಳ. ಅದಕ್ಕಾಗಿ ಎಷ್ಟು ಬಿಸಿಲು, ಎಷ್ಟು ಸಲ ತೌರಿನವರು ಎಲೆ ಹಾಕಿಕೊಂಡು ದಾರಿ ನೋಡಿದ್ದು, ಈಗ ಗುಜರಿಯವರೆಗೂ ಬಂದದ್ದು. ಬೆಲ್ಟಿಗೆ ಬೆರಳಿಡುವವರು, ಪೈಪು ಹಿಚುಕುವವರು, ಮಳೆನೀರಿಗೆ ಡ್ರಮ್ಮು ಇಟ್ಟವರು, ಇದೊಂದನ್ನು ಯಾಕೆ ಹೀಗೆ ಬಿಟ್ಟರು ಅಂತ.

ಬೆಳೆ ಇಳಿದ ಮೇಲೆ ಒಂದು ಬೆಳಗ್ಗೆ ನಾನೂ ಮಹೇಶನೂ ಹೊರಟೆವು. ನಾನು ಮುಂದೆ ತಾತನ ಪಕ್ಕದಲ್ಲಿ ಕೂರುತ್ತಿದ್ದ ಜಾಗದಲ್ಲೇ ಕೂತೆ. ಕಣ್ಣು ಕಾವು ತೋರಿಸುವ ಮುಳ್ಳಿನ ಮೇಲೆ. ಸಾತನೂರು ಬಂತು. ಮುಳ್ಳು ನಡುವೆಯೇ ಇತ್ತು. ಏರು ಹಿಡಿದೆವು. ಹುಣಸೆಮರ ಬಂತು. ನಾನು ಉಸಿರು ಹಿಡಿದುಕೊಂಡೆ, ಮುಳ್ಳು ಅಲುಗಲಿಲ್ಲ. ಗಾಡಿ ಮರವನ್ನು ದಾಟಿ ಹೋಯಿತು. ಮನಸ್ಸಿನಲ್ಲೇ ಕಬ್ಬಾಳಮ್ಮನಿಗೆ ಕೈಮುಗಿದೆ. ಕುಂಟೆ ಬಂತು, ಹೊಂಗೆ ಬಂತು. ಅದರ ಬುಡದಲ್ಲಿ ಯಾರೋ ಮೇಕೆ ಕಟ್ಟಿದ್ದರು. ಅದನ್ನೂ ದಾಟಿದೆವು. ಮಹೇಶ ಸ್ಟೀರಿಂಗಿನ ಮೇಲೆ ತಟ್ಟಿ, ಗೆದ್ದೆ ಕಣವ್ವ ಅಂದ.

ನನಗೆ ಗೆದ್ದೆ ಅನ್ನಿಸಲಿಲ್ಲ. ಎರಡು ಮರ ಹಿಂದೆ ಹೋಗಿದ್ದವು. ಅಷ್ಟು ವರ್ಷ ಆ ರಸ್ತೆಯಲ್ಲಿ ಓಡಾಡಿದ್ದರೂ ಆ ಮರಗಳು ಹಿಂದಕ್ಕೆ ಓಡುವುದನ್ನು ನಾನು ನೋಡಿರಲಿಲ್ಲ. ಆಗ ಅನ್ವರ್ ಹೇಳಿದ ಮಾತು ನೆನಪಾಯಿತು. ಇರ್ಲಿ ಬುಡು. ತಾತನಿಗೂ ನನ್ನ ಹಾಗೆ ಬಾಯಿಬಿಟ್ಟು ಕೇಳುವುದು ಬರುತ್ತಿರಲಿಲ್ಲ. ಬಾ, ಸ್ವಲ್ಪ ಹೊತ್ತು ಕೂತ್ಕೊಳ್ಳೋಣ ಅಂತ ಹೆಂಡತಿಗೆ ಹೇಳುವುದು ಆ ಕಾಲದಲ್ಲಿ, ಆ ಮನೆಯಲ್ಲಿ, ಗಂಡಸಿಗೂ ಸುಲಭವಿರಲಿಲ್ಲ. ಗೊತ್ತಿದ್ದೇ ಬಿಟ್ಟರೋ, ನಿಜವಾಗಿಯೂ ಮುಂದಿನ ಬೆಳೆಗೆ ಅಂತ ತಳ್ಳುತ್ತ ಬಂದರೋ, ನನಗೆ ಗೊತ್ತಿಲ್ಲ. ಈಗ ಯಾರನ್ನು ಕೇಳಲಿ.

ಏರಿನ ತುದಿಯಲ್ಲಿ ಗೋಣಿಮರ ಕಾಣಿಸಿತು. ಅದೂ ಹೋಗಿಬಿಡುತ್ತದೆ ಅನ್ನಿಸಿತು. ಬಾಯಿಬಿಟ್ಟು ಅಂದೆ.

“ಒಸಿ ನಿಲ್ಸಪ್ಪ.”

ಮಹೇಶ ಗಾಬರಿಯಾಗಿ ಮುಳ್ಳು ನೋಡಿದ. “ಯಾಕವ್ವ? ಕಾದಿಲ್ವಲ್ಲ.”

“ಕಾದಿಲ್ಲ ಕಣಪ್ಪ. ಆದ್ರೂ ನಿಲ್ಸು.”

ಅವನು ನಿಲ್ಲಿಸಿದ. ನಾನು ಇಳಿದು ಮರದ ಬೇರಿನ ಮೇಲೆ ಕೂತೆ. ಅವನು ಒಂದು ಸುತ್ತು ಗಾಡಿಯ ಕೆಳಗೆ ಬಗ್ಗಿ ನೋಡಿದ. ಎಲ್ಲೂ ಒಂದು ಹನಿಯೂ ಸೋರುತ್ತಿರಲಿಲ್ಲ. ಬೀಗದ ಕೈಯನ್ನು ಬೆರಳಿನಲ್ಲಿ ತಿರುಗಿಸುತ್ತ ಸ್ವಲ್ಪ ಹೊತ್ತು ನಿಂತ. ಆಮೇಲೆ ಬಂದು ಪಕ್ಕದಲ್ಲಿ ಕೂತ. ಎದುರಿಗೆ ಕಬ್ಬಾಳದ ಬೆಟ್ಟ.

“ಅವ್ವ,” ಅಂದ ಕಡೆಗೆ, ಬೆಟ್ಟ ನೋಡುತ್ತಲೇ. “ಇಲ್ಲಿ ನೀನು ಅಜ್ಜಿ ತರ ನಡ್ದು ತೋರಿಸ್ತಿದ್ದೆ ಅಲ್ವಾ? ನಾವು ಮಲಗಿದೀವಿ ಅನ್ಕಂಡಿದ್ರಿ ನೀವು. ನಾನು ಕಿಟಕಿಯಿಂದ ನೋಡ್ತಿದ್ದೆ. ಅಪ್ಪ ನಗೋದನ್ನ ನಾ ನೋಡಿರೋದು ಈ ರೋಡಲ್ಲೇ.”

ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಒಳಗೆ ಹೋಗಿಬಿಡೋಣ ಅಂದರೆ ಅಲ್ಲಿ ಒಳಗೆ ಅನ್ನುವುದೇ ಇರಲಿಲ್ಲ. ಕೂತೇ ಇದ್ದೆ. ಆಮೇಲೆ ಅವನು ಅಪ್ಪನ ವಿಚಾರ ಒಂದೊಂದಾಗಿ ಹೇಳತೊಡಗಿದ. ಅವನಿಗೆ ಅಷ್ಟೆಲ್ಲ ನೆನಪಿದೆ ಅಂತ ನನಗೆ ಗೊತ್ತಿರಲಿಲ್ಲ. ಬಿಸಿಲು ಮರದ ಆ ಕಡೆಗೆ ತಿರುಗಿತು. ತೌರಿನಲ್ಲಿ ಊಟಕ್ಕೆ ಕಾಯುತ್ತಿರುತ್ತಾರೆ, ಹೊರಡೋಣವಾ ಅಂತ ಕೇಳಿದ.

“ಇನ್ನೊಸಿ ಇರು,” ಅಂದೆ.